ಸಕ್ಕರ್ ಮೀನು ಕೊರೆದ ಕುಂಟೆಯ ಏರಿ: ಒಂದು ರಿಪೇರಿಯ ದಾಖಲೆ

ಹೊಸಕೋಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ದನಕರುಗಳು ನೀರು ಕುಡಿಯುವ ಕುಂಟೆಯೊಂದಿದೆ. ಅದರ ಏರಿ ಎರಡು ವರ್ಷಗಳಿಂದ ಸೋರುತ್ತಿತ್ತು. ಅಕ್ವೇರಿಯಂ ಅಂಗಡಿಗಳಲ್ಲಿ ಗಾಜಿನ ತೊಟ್ಟಿಯ ಪಾಚಿ ತಿನ್ನುವ ಮೀನೆಂದು ಮಾರುವ ಸಕ್ಕರ್ ಮೀನು ಏರಿಯ ಒಳಮೈಯಲ್ಲಿ ಬಿಲ ಕೊರೆದದ್ದೇ ಸೋರಿಕೆಗೆ ಕಾರಣವೆಂದು ಈ ವರ್ಷ ಖಚಿತವಾಯಿತು. ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಪಡೆದು, ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ತಿಳಿಸಿ, ಊರಿನ ಕೆಲವರು ಸೇರಿ ಆ ಮೀನನ್ನು ಹಿಡಿದು ತೆಗೆದೆವು, ಬಿಲಗಳನ್ನು ಮುಚ್ಚಿದೆವು, ಒಳಹರಿವಿಗೂ ಕೋಡಿಗೂ ಜಾಲರಿ ಕೂರಿಸಿದೆವು. ಇದೇ ತೊಂದರೆ ಇರುವ ಬೇರೆ ಊರಿನವರಿಗೆ ಬೇಕಾಗುತ್ತದೆಂದು ಅಳತೆ, ಖರ್ಚು, ಕೈಕೊಟ್ಟ ವಿಧಾನಗಳನ್ನೆಲ್ಲ ನಡೆದ ಕ್ರಮದಲ್ಲಿಯೇ ಬರೆದಿಟ್ಟಿದ್ದೇನೆ.

ಕುಂಟೆ ತುಂಬಿದಾಗ ಸುಮಾರು 40 ಮೀಟರ್ ಉದ್ದ, 25 ಮೀಟರ್ ಅಗಲ ಇರುತ್ತದೆ. ತೂಬಿನ ಬಳಿ ಆಳ 2.2 ಮೀಟರ್. ಏರಿಯ ಅರ್ಧ ಭಾಗ ಹಳೆಯದು. ಅದರ ಒಳಮೈಗೆ ಹಿಂದಿನವರು ಕಲ್ಲು ಜೋಡಿಸಿದ್ದಾರೆ. ಇನ್ನರ್ಧ, ಅಂದರೆ ಉತ್ತರದ ಕಡೆಯ 20 ಮೀಟರ್, ಕುಂಟೆಯನ್ನು ಅಗಲಿಸಿದಾಗ ಜೆಸಿಬಿಯಿಂದ ಮಣ್ಣು ಎತ್ತಿ ಹಾಕಿದ್ದು. ಅಲ್ಲಿ ಕಲ್ಲಿಲ್ಲ. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ.

ಹಂತ 1: ಸೋರಿಕೆಯ ಅಳತೆ (ಫೆಬ್ರವರಿ)

ಏರಿಯ ಹೊರಬುಡದಲ್ಲಿ ನೀರು ಒಸರುವ ಜಾಗದ ಕೆಳಗೆ ಒಂದು ಗೇಣು ಆಳದ ಕಾಲುವೆ ತೋಡಿ, ಅದರ ತುದಿಗೆ ಒಂದೂವರೆ ಇಂಚಿನ ಪೈಪು ಇಟ್ಟು, 10 ಲೀಟರಿನ ಬಕೆಟ್ ಎಷ್ಟು ಹೊತ್ತಿಗೆ ತುಂಬುತ್ತದೆಂದು ನೋಡಿದೆವು. 50 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 12 ಲೀಟರ್ ಎಂದರೆ ದಿನಕ್ಕೆ 17,000 ಲೀಟರಿಗೂ ಹೆಚ್ಚು ನೀರು ಏರಿಯ ಮೂಲಕವೇ ಹೊರಗೆ ಹೋಗುತ್ತಿತ್ತು. ಆ ಹೊತ್ತಿಗೆ ಕುಂಟೆಯ ನೀರು ಎಷ್ಟಿತ್ತೆಂದು ತೂಬಿನ ಕಲ್ಲುಕಂಬದ ಮೇಲೆ ಕೆಂಪು ಬಣ್ಣದ ಗೆರೆ ಹಾಕಿದೆವು. ರಿಪೇರಿಯಾದ ಮೇಲೆ ನೀರು ಅದೇ ಗೆರೆಗೆ ಬಂದಾಗ ಮತ್ತೆ ಅಳೆದರೆ ಮಾತ್ರ ಎರಡು ಅಳತೆಗಳನ್ನು ಹೋಲಿಸಬಹುದು. ಸೋರಿಕೆಯ ನೀರು ತಿಳಿಯಾಗಿದೆಯೇ ಬಗ್ಗಡವಾಗಿದೆಯೇ ಎಂಬುದನ್ನೂ ಗಮನಿಸಬೇಕು. ನಮ್ಮಲ್ಲಿ ಅದು ಬಗ್ಗಡವಾಗಿತ್ತು, ಎಂದರೆ ನೀರು ತನ್ನೊಂದಿಗೆ ಏರಿಯ ಮಣ್ಣನ್ನೂ ಹೊತ್ತೊಯ್ಯುತ್ತಿತ್ತು. ಅಂಥ ಏರಿಯನ್ನು ಇನ್ನೊಂದು ಮಳೆಗಾಲಕ್ಕೆ ಬಿಡುವಂತಿರಲಿಲ್ಲ.

ಹಂತ 2: ಮೀನಿನ ಗುರುತು

ನೀರು ಇಳಿಯುತ್ತ ಹೋದಂತೆ ಹೊಸ ಏರಿಯ ಒಳಮೈಯಲ್ಲಿ ಅಡ್ಡ ಮೊಟ್ಟೆಯಾಕಾರದ ಬಾಯಿಗಳು ಕಾಣಿಸಿಕೊಂಡವು. ಹೆಗ್ಗಣದ ಬಿಲವೆಂದು ಮೊದಲು ಎಲ್ಲರೂ ಅಂದುಕೊಂಡರು. ಆದರೆ ಬಾಯಿಯ ಮುಂದೆ ಮಣ್ಣಿನ ಗುಡ್ಡೆ ಇರಲಿಲ್ಲ, ಎಲ್ಲ ಬಾಯಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಕುಂಟೆ ತುಂಬಿದಾಗ ನೀರಿನಲ್ಲಿ ಮುಳುಗಿರುವ ಜಾಗದಲ್ಲಿದ್ದವು. ಬಿದಿರುಕಡ್ಡಿ ಇಳಿಸಿ ಅಳೆದಾಗ ಉದ್ದ 60 ಸೆಂಟಿಮೀಟರಿನಿಂದ 110ರವರೆಗೆ ಬಂತು. ಬಾಯಿಯ ಅಗಲ 12ರಿಂದ 20 ಸೆಂಟಿಮೀಟರ್ ಇತ್ತು. ಹಿಡಿದ ಮೀನು ಪಕ್ಕದ ರೆಕ್ಕೆಗಳನ್ನು ಚಾಚಿದಾಗ ಅದರ ಅಗಲವೂ ಅಷ್ಟೇ ಇತ್ತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳ ಜಲಾನಯನ ಪ್ರದೇಶ. ಟೆರಿಗೊಪ್ಲಿಕ್ತಿಸ್ ಎಂಬ ಕುಲಕ್ಕೆ ಸೇರಿದ್ದು. ಅಂಗಡಿಯಲ್ಲಿ ಎರಡು ಮೂರು ಇಂಚಿನ ಮರಿಯಾಗಿ ಕಾಣುವ ಈ ಮೀನು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಮೈಮೇಲೆ ಹುರುಪೆಯಿರುವುದಿಲ್ಲ, ಎಲುಬಿನ ಗಟ್ಟಿ ಫಲಕಗಳ ಸಾಲುಗಳಿರುತ್ತವೆ. ಬಾಯಿ ತಲೆಯ ಕೆಳಭಾಗದಲ್ಲಿ ಬಟ್ಟಲಿನಂತಿದ್ದು ಕಲ್ಲಿಗೋ ಗಾಜಿಗೋ ಅಂಟಿಕೊಳ್ಳುತ್ತದೆ. ಈ ಕುಲದಲ್ಲಿ ಹೊಟ್ಟೆಯ ಮೇಲೆ ಬಿಡಿಬಿಡಿ ಕಪ್ಪು ಚುಕ್ಕೆಗಳಿದ್ದರೆ ಪಾರ್ಡಾಲಿಸ್ ಎಂಬ ಪ್ರಭೇದ, ಚುಕ್ಕೆಗಳು ಕೂಡಿಕೊಂಡು ಹುಳು ಹರಿದಂಥ ಗೆರೆಗಳಾಗಿದ್ದರೆ ಡಿಸ್‌ಜಂಕ್ಟಿವಸ್ ಎಂದು ಗುರುತಿಸುವ ಪದ್ಧತಿಯಿದೆ. ಈ ಎರಡೂ ಬೆರೆತ ತಳಿಗಳೂ ಇರುವುದರಿಂದ ನಾವು ಕುಲದ ಹೆಸರಿಗೇ ನಿಲ್ಲಿಸಿದೆವು. ಏರಿಯ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ: ಹಳ್ಳಗಳಲ್ಲಿ ಬಂಡೆಗೆ ಅಂಟಿಕೊಳ್ಳುವ ಗರ್ರಾ ಜಾತಿಯ ಮೀನುಗಳು ನಮ್ಮ ನೆಲದವೇ. ಅವುಗಳ ಮೈಮೇಲೆ ಹುರುಪೆಯಿರುತ್ತದೆ, ಎಲುಬಿನ ಫಲಕಗಳಿರುವುದಿಲ್ಲ. ಅಂಟಿಕೊಳ್ಳುವ ಮೀನನ್ನೆಲ್ಲ ಸಕ್ಕರ್ ಎಂದು ಕೊಲ್ಲಬಾರದು.

ನಮ್ಮ ಕುಂಟೆಗೆ ಇದು ಹೇಗೆ ಬಂತೆಂದು ಬೆರಳು ತೋರಿಸಿ ಹೇಳಲಾಗದು. ಮೇಲಿನ ಕೆರೆಯಿಂದ ಕಾಲುವೆಯಲ್ಲಿ ಇಳಿದು ಬಂದಿರಬಹುದು. ಮನೆ ಖಾಲಿ ಮಾಡುವವರು ತಂದು ಬಿಟ್ಟಿರಲೂಬಹುದು, ಏಕೆಂದರೆ ಹಾಗೆ ಬಿಟ್ಟದ್ದನ್ನು ಊರಿನವರು ಕಣ್ಣಾರೆ ಕಂಡಿದ್ದಾರೆ. ವಾರಾಣಸಿಯ ಬಳಿ ಗಂಗೆಯಲ್ಲಿ, ಕೋಲ್ಕತ್ತದ ಪೂರ್ವದ ಜೌಗುಭೂಮಿಯಲ್ಲಿ, ತಿರುವನಂತಪುರದ ಚಾಕ್ಕ ಕಾಲುವೆಯಲ್ಲಿ ಈ ಮೀನು ಸಿಕ್ಕಿರುವಾಗ, ಬೆಂಗಳೂರಿನ ಮಗ್ಗುಲಿನ ಕುಂಟೆಯಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಹಂತ 3: ಬಲೆ ಸೋತಿತು, ಪೈಪು ಗೆದ್ದಿತು (ಮಾರ್ಚ್)

ಮೊದಲು 1,800 ರೂಪಾಯಿ ಕೊಟ್ಟು ನೈಲಾನ್ ದಾರದ ಗಿಲ್ ಬಲೆ ತಂದು ಸಂಜೆ ಹಾಸಿ ಬೆಳಿಗ್ಗೆ ಎತ್ತಿದೆವು. ಸಕ್ಕರ್ ಬಿದ್ದಿದ್ದವು, ಆದರೆ ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಮೊದಲ ಮುಳ್ಳನ್ನು ನಿಮಿರಿಸಿ ಅದನ್ನು ಹಾಗೆಯೇ ಬಿಗಿಹಿಡಿಯುವ ಶಕ್ತಿ ಈ ಮೀನಿಗಿದೆ. ಒಂದೊಂದನ್ನೂ ಬಿಡಿಸಲು ಬಲೆಯ ಹತ್ತಾರು ಕಣ್ಣುಗಳನ್ನು ಕತ್ತರಿಸಬೇಕಾಯಿತು. "ಇದನ್ನ ಬಿಡಿಸೋದಕ್ಕಿಂತ ಹೊಸಾ ಬಲೆ ಹೆಣೆಯೋದು ಸಲೀಸು ಕಣಣ್ಣ" ಎಂದು ಬಲೆ ಎತ್ತುತ್ತಿದ್ದವರು ಬೇಸರದಿಂದ ಹೇಳಿದರು. ಅದೇ ಬಲೆಗೆ ಸಿಕ್ಕಿದ್ದ, ನಮ್ಮ ನೆಲದವೇ ಆದ ಪಕ್ಕೆ ಎಂಬ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತಿದ್ದವು. ಹಣ ಹೋದದ್ದಕ್ಕಿಂತ ಇದು ಹೆಚ್ಚು ನೋವು ತಂದಿತು. ಬಲೆ ಮೂಲೆ ಸೇರಿತು. ಬೀಸುಬಲೆಯಲ್ಲಿ ನಡುನೀರಿನ ಕೆಲವು ಮೀನುಗಳು ಸಿಕ್ಕಿದವು, ದಡದ ಬಿಲದಲ್ಲಿದ್ದವು ಸಿಗಲಿಲ್ಲ.

ಆಮೇಲೆ ಮಾಡಿದ್ದು ಪೈಪಿನ ಗೂಡು. ಹಗಲು ಕತ್ತಲೆಯ ಇಕ್ಕಟ್ಟಿನಲ್ಲಿ ಅಡಗಿ ರಾತ್ರಿ ಮೇಯುವ ಮೀನು ಇದಾದ್ದರಿಂದ, ಬಿಲದಂಥದ್ದೇ ಜಾಗವನ್ನು ನಾವೇ ಕೊಟ್ಟರೆ ಬಂದು ಸೇರುತ್ತದೆ ಎಂಬುದು ಲೆಕ್ಕಾಚಾರ. 160 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪು 6 ಮೀಟರಿನದು ಎರಡು ತಂದು 75 ಸೆಂಟಿಮೀಟರಿನಂತೆ ಕತ್ತರಿಸಿದರೆ 16 ತುಂಡು ಬರುತ್ತವೆ. ಪ್ರತಿ ತುಂಡಿನ ಒಂದು ಬಾಯಿಗೆ ಅರ್ಧ ಇಂಚಿನ ಕಬ್ಬಿಣದ ಜಾಲರಿ ತಂತಿಯಿಂದ ಬಿಗಿಯಬೇಕು, ಇನ್ನೊಂದನ್ನು ತೆರೆದೇ ಬಿಡಬೇಕು. ಮುಚ್ಚಿದ ತುದಿಯೊಳಗೆ ಅಂಗೈಯಗಲದ ಕಲ್ಲೊಂದನ್ನು ಕಟ್ಟಬೇಕು, ಹಗ್ಗವನ್ನು ತೆರೆದ ಬಾಯಿಯ ಕಡೆಗೆ ಕಟ್ಟಬೇಕು. ಹಗ್ಗ ಎಳೆದಾಗ ಬಾಯಿ ಮೇಲಾಗಿ ಪೈಪು ನೆಟ್ಟಗೆ ನಿಲ್ಲುತ್ತದೆ, ಒಳಗಿನ ಮೀನು ಹೊರಗೆ ಜಾರುವುದಿಲ್ಲ, ನೀರು ಮಾತ್ರ ಕೆಳಗಿನ ಜಾಲರಿಯಿಂದ ಸುರಿದುಹೋಗುತ್ತದೆ. ಹಗ್ಗವನ್ನು ನಡುವಿಗೆ ಕಟ್ಟಿದ ಒಂದೆರಡು ಪೈಪುಗಳು ಅಡ್ಡವಾಗಿಯೇ ಎದ್ದು, ನೀರಿನ ಮಟ್ಟಕ್ಕೆ ಬರುವಷ್ಟರಲ್ಲಿ ಮೀನು ಜಾರಿಹೋಗಿತ್ತು.

ಪೈಪುಗಳನ್ನು ದಡದಿಂದ ಒಂದು ಮೀಟರ್ ಒಳಗೆ, ಬಾಯಿ ದಡದ ಕಡೆಗಿರುವಂತೆ ಮುಳುಗಿಸಿದೆವು. ಯಾವ ಎರೆಯೂ ಬೇಕಾಗಲಿಲ್ಲ. ಹೊಸ ಪೈಪಿಗೆ ಮೊದಲ ವಾರ ಮೀನು ಸೇರಲಿಲ್ಲ. ಒಳಮೈಗೆ ಪಾಚಿಯ ಲೋಳೆ ಕಟ್ಟಿದ ಮೇಲೆ ಸೇರತೊಡಗಿತು. ಬೆಳಕು ಹರಿದು ಒಂದು ತಾಸಾದ ಮೇಲೆ ಎತ್ತುವುದು ಒಳ್ಳೆಯದು. ನಸುಕಿನಲ್ಲಿ ಎತ್ತಿದರೆ ಮೀನು ಇನ್ನೂ ಗೂಡಿಗೆ ಮರಳಿರುವುದಿಲ್ಲ. ಈ ವಿಧಾನದಲ್ಲಿ ನಮ್ಮ ಮೀನು ಒಂದೂ ಸಾಯಲಿಲ್ಲ. ಆಗೊಮ್ಮೆ ಈಗೊಮ್ಮೆ ಸೇರಿಕೊಂಡಿದ್ದ ಚೇಳುಮೀನನ್ನು ದಪ್ಪ ಕೈಗವಸು ಹಾಕಿಕೊಂಡು ಮತ್ತೆ ನೀರಿಗೆ ಬಿಟ್ಟೆವು. ಅದರ ಪಕ್ಕದ ಮುಳ್ಳು ಚುಚ್ಚಿದರೆ ಗಂಟೆಗಟ್ಟಲೆ ಉರಿಯುತ್ತದೆ.

ಹಿಡಿದ ಸಕ್ಕರ್‌ಗಳನ್ನು ದಡದ ಮೇಲೆ ಎಸೆದು ಬಿಡುವುದನ್ನು ಹಲವು ಕಡೆ ಕಂಡಿದ್ದೇನೆ. ಅದು ಕ್ರೌರ್ಯ, ಕೆಲಸವೂ ಕೆಡುತ್ತದೆ. ಈ ಮೀನು ಗಾಳಿಯನ್ನು ನುಂಗಿ ಹೊಟ್ಟೆಯ ಮೂಲಕವೂ ಉಸಿರಾಡಬಲ್ಲದು, ನೀರಿನ ಹೊರಗೆ ಬಹಳ ಹೊತ್ತು ಬದುಕಿರುತ್ತದೆ, ತೆವಳಿಕೊಂಡು ನೀರಿಗೆ ಮರಳಲೂಬಹುದು. ನಾವು 200 ಲೀಟರಿನ ಡ್ರಮ್ಮಿನಲ್ಲಿ 150 ಲೀಟರ್ ನೀರು ತುಂಬಿ, 60 ಮಿಲಿಲೀಟರ್ ಲವಂಗದೆಣ್ಣೆಯನ್ನು ಮುಚ್ಚಳವಿರುವ ಬಾಟಲಿಯಲ್ಲಿ ಉಗುರುಬೆಚ್ಚನೆಯ ನೀರಿನೊಂದಿಗೆ ಚೆನ್ನಾಗಿ ಕುಲುಕಿ ಅದಕ್ಕೆ ಸೇರಿಸಿದೆವು. ಕುಲುಕದೆ ಸುರಿದರೆ ಎಣ್ಣೆ ಮೇಲೆಯೇ ತೇಲುತ್ತದೆ. ಲವಂಗದೆಣ್ಣೆ ಮೀನಿಗೆ ಅರಿವಳಿಕೆ. ಪ್ರಮಾಣ ಹೆಚ್ಚಾದಾಗ ಮಂಪರಿನಲ್ಲಿಯೇ ಪ್ರಾಣ ಹೋಗುತ್ತದೆ. ಕಿವಿರಿನ ಚಲನೆ ನಿಂತ ಮೇಲೂ ಒಂದು ಗಂಟೆ ಡ್ರಮ್ಮಿನಲ್ಲಿಯೇ ಬಿಟ್ಟು, ಆಮೇಲೆ ನಾಲ್ಕು ಅಡಿ ಗುಂಡಿಯಲ್ಲಿ ಸಗಣಿಯೊಂದಿಗೆ ಹೂಳಿದೆವು. ತಿನ್ನಲು ಯಾರಿಗೂ ಕೊಡಲಿಲ್ಲ. ಮೇಲಿನ ಕಾಲುವೆಗೆ ಚರಂಡಿ ನೀರು ಸೇರುವುದರಿಂದ, ಕುಂಟೆಯ ತಳದ ಕೆಸರನ್ನು ಮೇಯ್ದ ಮೀನನ್ನು ತಿನ್ನಿರೆಂದು ಹೇಳುವ ಧೈರ್ಯ ನಮಗಿರಲಿಲ್ಲ.

ಹಂತ 4: ನೀರು ಖಾಲಿ ಮಾಡಿದ್ದು (ಏಪ್ರಿಲ್ ಕೊನೆ)

ಏಪ್ರಿಲ್ ಕೊನೆಗೆ ನೀರಿನ ಹರವು 22 ಮೀಟರ್ ಉದ್ದ, 16 ಮೀಟರ್ ಅಗಲಕ್ಕೆ ಇಳಿದಿತ್ತು, ಸರಾಸರಿ ಆಳ 80 ಸೆಂಟಿಮೀಟರ್. ಸುಮಾರು 280 ಘನ ಮೀಟರ್ ನೀರು. ಮೂರು ಇಂಚಿನ 5 ಎಚ್‌ಪಿ ಡೀಸೆಲ್ ಪಂಪು ಏಳೆಂಟು ಗಂಟೆಯಲ್ಲಿ ಖಾಲಿ ಮಾಡಬೇಕಿತ್ತು, 11 ಗಂಟೆ ಹಿಡಿಯಿತು. ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಸುತ್ತಿದ ಸೊಳ್ಳೆಪರದೆ ಮತ್ತೆ ಮತ್ತೆ ಕೆಸರು ಕಟ್ಟಿಕೊಂಡದ್ದೇ ತಡಕ್ಕೆ ಕಾರಣ. ಟೊಮೆಟೊ ಕ್ರೇಟೊಂದರ ಸುತ್ತಲೂ ಸೊಳ್ಳೆಪರದೆ ಹೊಲಿದು, ಅದರೊಳಗೆ ಫುಟ್‌ವಾಲ್ವನ್ನು ಇಟ್ಟ ಮೇಲೆ ನೀರು ಎಳೆಯುವ ಮೈ ದೊಡ್ಡದಾಗಿ ತೊಂದರೆ ತಪ್ಪಿತು. ಇದನ್ನು ಮೊದಲೇ ಮಾಡಿಕೊಳ್ಳುವುದು ಉತ್ತಮ.

ಪಂಪಿನ ನೀರನ್ನು ರಾಜಕಾಲುವೆಗೆ ಬಿಡಲಿಲ್ಲ. ಪರದೆಯನ್ನು ದಾಟಿದ ಸಣ್ಣ ಮರಿಯೊಂದಿದ್ದರೂ ಅದು ಕೆಳಗಿನ ಕೆರೆಗೆ ಹೋಗಿ ನಮ್ಮ ತೊಂದರೆ ಅವರ ತೊಂದರೆಯಾಗುತ್ತದೆ. ಪಕ್ಕದ ಉತ್ತು ಬಿಟ್ಟಿದ್ದ ರಾಗಿ ಹೊಲಕ್ಕೆ, ಮಾಲೀಕರ ಒಪ್ಪಿಗೆ ಪಡೆದು ಹರಿಸಿದೆವು.

ಹಿಪ್ಪೆ ಹಿಂಡಿ ಹಾಕಿ ಎಲ್ಲ ಮೀನನ್ನೂ ಒಮ್ಮೆಗೇ ಕೊಲ್ಲಿರೆಂದು ಹೇಳಿದವರಿದ್ದರು. ಮೀನು ಸಾಕಣೆಯ ಹೊಂಡಗಳಲ್ಲಿ ಬೇಡದ ಮೀನು ತೆಗೆಯಲು ಅದು ಬಳಕೆಯಲ್ಲಿರುವ ಪದ್ಧತಿಯೇ. ಘನ ಮೀಟರಿಗೆ 250 ಗ್ರಾಂ ಲೆಕ್ಕದಲ್ಲಿ ನಮಗೆ 70 ಕಿಲೋ ಸಾಕಾಗುತ್ತಿತ್ತು. ಆದರೆ ಅದರ ವಿಷಕ್ಕೆ ಕೊರಮೀನು, ಪಕ್ಕೆ, ಚೇಳುಮೀನು ಎಲ್ಲವೂ ಸಾಯುತ್ತವೆ, ದನ ನೀರು ಕುಡಿಯುವ ಜಾಗ ಬೇರೆ. ಏರಿ ಉಳಿಸಲು ಹೋಗಿ ಕುಂಟೆಯ ಜೀವವನ್ನೇ ತೆಗೆಯುವ ಕೆಲಸ ನಮಗೆ ಒಪ್ಪಿಗೆಯಾಗಲಿಲ್ಲ. ಬುಟ್ಟಿಯಿಂದ, ಕೈಯಿಂದ ಆರಿಸಿದೆವು. ನಮ್ಮ ಮೀನುಗಳನ್ನು ಕುಂಟೆಯದೇ ನೀರು ತುಂಬಿದ ಸಿಂಟೆಕ್ಸ್ ತೊಟ್ಟಿಗಳಲ್ಲಿ, ಮೇಲೆ ಹಸಿರು ನೆರಳುಬಲೆ ಕಟ್ಟಿ, ಬ್ಯಾಟರಿಯ ಏರೇಟರ್ ಹಾಕಿ ಇಟ್ಟೆವು. ಕೊರಮೀನನ್ನು ಬೇರೆ ತೊಟ್ಟಿಯಲ್ಲಿ ಇಡದಿದ್ದರೆ ಅದು ಉಳಿದವನ್ನು ತಿಂದುಹಾಕುತ್ತದೆ.

ಹಂತ 5: ಒಣಗಿದ ಕುಂಟೆಯ ಬಿಲಗಳು

ಈ ಇಡೀ ಕೆಲಸದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು ಈ ಹಂತ. ನೀರು ಖಾಲಿಯಾದರೆ ಸಕ್ಕರ್ ತಾನಾಗಿ ಸಾಯುತ್ತದೆಂದು ನಂಬಿ ಕುಂಟೆಯನ್ನು ಒಂದು ವಾರ ಬಿಸಿಲಿಗೆ ಬಿಟ್ಟೆವು. ತಳದ ಕೆಸರು ಬಿರುಕು ಬಿಟ್ಟಿತು. ಆಮೇಲೆ ಬಿಲವೊಂದನ್ನು ಗುದ್ದಲಿಯಿಂದ ಬಿಡಿಸಿದಾಗ ಒಳತುದಿಯಲ್ಲಿ ಮೀನು ಜೀವಂತವಾಗಿತ್ತು. ಬಿಲಗಳು ಬಾಯಿಯಿಂದ ಒಳಕ್ಕೆ ತುಸು ಇಳಿಜಾರಾಗಿರುವುದರಿಂದ ತುದಿಯಲ್ಲಿ ನಾಲ್ಕು ಬೆರಳಿನಷ್ಟು ನೀರು ನಿಂತಿತ್ತು, ಮಣ್ಣು ತಣ್ಣಗೆ ಒದ್ದೆಯಾಗಿತ್ತು. ಆ ಮೀನಿಗೆ ಅಷ್ಟೇ ಸಾಕು. ಇನ್ನೊಂದು ಬಿಲದಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲಿತ್ತು. ಕಡಲೆಗಿಂತ ಸಣ್ಣ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಮುಷ್ಟಿಗಾತ್ರವಾಗಿದ್ದವು, ಅದರ ಮೇಲೆ ಮುಳ್ಳುಗಳನ್ನು ಗೋಡೆಗೆ ಒತ್ತಿ ಹಿಡಿದು ಗಂಡು ಕೂತಿತ್ತು. ಎಳೆದರೆ ಬರುವುದಿಲ್ಲ. ಬಾಲ ಹಿಡಿದು ಜಗ್ಗಿದಷ್ಟೂ ಮುಳ್ಳು ಮಣ್ಣಿಗೆ ನಾಟುತ್ತದೆ. ಕೈಯನ್ನು ಅದರ ತಲೆಯ ಮುಂದಕ್ಕೆ ಹಾಯಿಸಿ ಎರಡೂ ಪಕ್ಕದ ಮುಳ್ಳುಗಳನ್ನು ಮೈಗೆ ಒತ್ತಿ ಹಿಡಿದು ತೆಗೆಯಬೇಕು, ಇಲ್ಲವೇ ಬಿಲವನ್ನೇ ಅಗೆಯಬೇಕು. ವೆಲ್ಡಿಂಗ್ ಮಾಡುವವರ ಚರ್ಮದ ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಹೊಸ ಏರಿಯ 20 ಮೀಟರಿನಲ್ಲಿ 30ಕ್ಕೂ ಹೆಚ್ಚು ಬಿಲಗಳಿದ್ದವು. ಕಲ್ಲು ಜೋಡಿಸಿದ ಹಳೆಯ ಏರಿಯಲ್ಲಿ ಒಂದೂ ಇರಲಿಲ್ಲ. ಕಲ್ಲಿನ ಸಂದುಗಳನ್ನೆಲ್ಲ ಟಾರ್ಚು ಹಾಕಿ ನೋಡಿದೆವು. ಸಂದುಗಳಲ್ಲಿ ಏಡಿಗಳಿದ್ದವು, ಕೊರೆದ ಗುರುತಿರಲಿಲ್ಲ. ಸೋರಿಕೆಯ ದಾರಿಯೂ ಇಲ್ಲಿಯೇ ಗೊತ್ತಾಯಿತು. ಏರಿಯ ಹೊರಮೈಯಿಂದ ಹೆಗ್ಗಣ ತೋಡಿದ್ದ ಬಿಲಗಳು ಎರಡು ಕಡೆ ಒಳಮೈಯಿಂದ ಬಂದ ಸಕ್ಕರ್ ಬಿಲಗಳಿಗೆ ಒಂದು ಗೇಣು ದೂರದವರೆಗೆ ಬಂದಿದ್ದವು, ನಡುವಿನ ಮಣ್ಣು ಕೊಚ್ಚಿಹೋಗಿತ್ತು.

ಹಂತ 6: ಬಿಲ ಮುಚ್ಚಿದ ಬಗೆ (ಮೇ)

ಮೊದಲ ಸಲ ಕುಂಟೆಯ ಗೋಡುಮಣ್ಣನ್ನೇ ಉಂಡೆ ಮಾಡಿ ಬಿಲದೊಳಗೆ ತಳ್ಳಿ ಹಾರೆಯ ಹಿಡಿಯಿಂದ ಜಡಿದೆವು. ನಾಲ್ಕು ದಿನದ ಬಿಸಿಲಿಗೆ ಅದು ಸಂಕುಚಿಸಿ ಸುತ್ತಲೂ ಬೆರಳು ತೂರುವಷ್ಟು ಸಂದು ಬಿಟ್ಟಿತು. ಒಂದನ್ನು ಅಗೆದು ನೋಡಿದರೆ ಬಾಯಿಯ ಬಳಿಯ ಒಂದಡಿ ಮಾತ್ರ ತುಂಬಿತ್ತು, ಅದರ ಹಿಂದೆ ಟೊಳ್ಳು ಹಾಗೆಯೇ ಇತ್ತು. ಹೊರಗಿನಿಂದ ನೋಡಿದವರಿಗೆ ಏರಿ ಸರಿಯಾಗಿಯೇ ಕಾಣುತ್ತಿತ್ತು. ಮಳೆಗಾಲದಲ್ಲಿ ಮೋಸವಾಗುವುದು ಇಂಥ ರಿಪೇರಿಯಿಂದಲೇ. ಎಲ್ಲವನ್ನೂ ಕಿತ್ತು ಹಾಕಿದೆವು.

ಎರಡನೆಯ ಸಲ ಬಿಲವನ್ನು ಕೊನೆಯವರೆಗೆ ಬಿಡಿಸಿ ತುಂಬಿದೆವು. ಬಿಲದ ಮೇಲಿನ ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಪ್ರತಿ ಮೆಟ್ಟಿಲು ಸುಮಾರು 30 ಸೆಂಟಿಮೀಟರ್ ಎತ್ತರ. ನುಣುಪಾದ ಇಳಿಜಾರಿನ ಮೇಲೆ ಹೊಸ ಮಣ್ಣು ಹಾಕಿದರೆ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗದೆ ಜಾರುತ್ತದೆ. ಒಮ್ಮೆಗೆ ಮೂರು ಮೀಟರಿಗಿಂತ ಹೆಚ್ಚು ಉದ್ದ ಬಿಡಿಸಲಿಲ್ಲ, ಬಿಡಿಸಿದ್ದನ್ನು ಅದೇ ದಿನ ತುಂಬಿ ಮುಗಿಸಿದೆವು, ಏಕೆಂದರೆ ಮೇ ತಿಂಗಳಲ್ಲಿ ಸಂಜೆಯ ಗುಡುಗುಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ತುಂಬಲು ಕೆಂಪುಮಣ್ಣು ಎರಡು ಪಾಲು, ಜೇಡಿಮಣ್ಣು ಒಂದು ಪಾಲು; ನೀರಿನ ಕಡೆಯ ಎರಡು ಅಡಿ ದಪ್ಪಕ್ಕೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿ) ಪುಡಿ ಒಣದಾಗಿಯೇ ಬೆರೆಸಿದೆವು. ಹದ ತಿಳಿಯಲು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಬೇಕು. ಎರಡು ಮೂರು ಹೋಳಾದರೆ ಹದ ಸರಿ, ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ನೀರು ಹೆಚ್ಚು. 15 ಸೆಂಟಿಮೀಟರಿಗೊಂದು ಪದರ ಹಾಕಿ ದಿಮ್ಮಸು ಹೊಡೆದು ಅದು 10 ಸೆಂಟಿಮೀಟರಿಗೆ ಇಳಿದ ಮೇಲೆಯೇ ಮುಂದಿನ ಪದರ. ಪದರಗಳ ನಡುವೆ ಮೇಲ್ಮೈಯನ್ನು ಗುದ್ದಲಿಯಿಂದ ಕೆರೆದು ಒರಟು ಮಾಡುವುದನ್ನು ಬಿಡಬಾರದು.

ಏರಿಯ ಮೇಲೊಂದು ಹಳೆಯ ಹೊಂಗೆ ಮರವಿದೆ. ಅದರ ಬೇರಿನ ಕೆಳಗೆ ಹೋಗಿದ್ದ ಬಿಲಗಳನ್ನು ಅಗೆದರೆ ಮರ ಉರುಳುತ್ತಿತ್ತು. ಅಲ್ಲಿ ಮಾತ್ರ ಬಗ್ಗಡ ಸುರಿದೆವು. ಬೆಂಟೊನೈಟನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಕಲಕಿ ರಾತ್ರಿಯಿಡೀ ಉಬ್ಬಲು ಬಿಟ್ಟು, ಬೆಳಿಗ್ಗೆ ಜರಡಿ ಹಿಡಿದ ಕೆಂಪುಮಣ್ಣು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತಂದುಕೊಂಡೆವು. ಒಂದೂವರೆ ಇಂಚಿನ ಪೈಪನ್ನು ಬಿಲದ ಕೊನೆಯವರೆಗೆ ತೂರಿಸಿ, ಮೇಲಿನಿಂದ ಆಲಿಕೆಯಲ್ಲಿ ಹುಯ್ಯುತ್ತ, ಪೈಪನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳಬೇಕು. ಹೀಗೆ ಮಾಡಿದರೆ ಒಳತುದಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಮರುದಿನ ಬಗ್ಗಡ ಕೂತು ಒಂದು ಗೇಣು ಇಳಿದಿತ್ತು, ಮತ್ತೆ ತುಂಬಿದೆವು. ಅಗೆದು ತುಂಬಿದಷ್ಟು ನಂಬಿಕೆ ಇದರ ಮೇಲೆ ನನಗಿಲ್ಲ, ಮರ ಉಳಿಸಲು ಬೇರೆ ದಾರಿಯಿರಲಿಲ್ಲ.

ಹಂತ 7: ಕಲ್ಲು

ಮುಚ್ಚಿದ ಏರಿಯನ್ನು ಬರಿ ಮಣ್ಣಾಗಿ ಬಿಟ್ಟರೆ ಮತ್ತೆ ಕೊರೆಯುತ್ತವೆ. ಹಳೆಯ ಏರಿಯಲ್ಲಿ ಬಿಲವಿಲ್ಲದ್ದನ್ನು ಕಂಡ ಮೇಲೆ ಅದನ್ನೇ ಮುಂದುವರಿಸಿದೆವು. ಪೂರ್ತಿ ಇಳಿಜಾರಿಗೆ ಕಲ್ಲು ಹಾಸುವಷ್ಟು ಹಣವಿರಲಿಲ್ಲ, ಆದ್ದರಿಂದ ಬಿಲಗಳು ಕಂಡ ಮಟ್ಟಕ್ಕೆ ಮಾತ್ರ, ಇಳಿಜಾರಿನಲ್ಲಿ ಒಂದೂವರೆ ಮೀಟರ್ ಅಗಲದ ಪಟ್ಟಿಯಾಗಿ, 14 ಮೀಟರ್ ಉದ್ದಕ್ಕೆ ಹಾಸಿದೆವು. ಕೆಳಗೆ ಒಂದು ಗೇಣು ಗರಸು, ಅದರ ಮೇಲೆ 25 ಸೆಂಟಿಮೀಟರ್ ದಪ್ಪದ ಸೈಜುಗಲ್ಲು, ಸಂದುಗಳಿಗೆ ಚಕ್ಕೆಕಲ್ಲು ಬಿಗಿಯಾಗಿ ಜಡಿದದ್ದು. ಸಿಮೆಂಟು ಬಳಸಲಿಲ್ಲ, ಏರಿ ಕೂತಾಗ ಬಿಡಿಕಲ್ಲು ಅದರೊಂದಿಗೆ ಹೊಂದಿಕೊಳ್ಳುತ್ತದೆ, ಸಿಮೆಂಟು ಬಿರಿದು ಒಳಗೆ ಟೊಳ್ಳು ಉಳಿಯುತ್ತದೆ. ಕಲ್ಲಿನ ಪಟ್ಟಿಯ ಕೆಳಗಿನ ಸಾಲು ಜಾರದಂತೆ ಒಂದಡಿ ಆಳದ ಕಾಲುವೆಯಲ್ಲಿ ದೊಡ್ಡ ಕಲ್ಲುಗಳನ್ನು ನೆಟ್ಟಿದ್ದೇವೆ.

ಹಂತ 8: ಒಳಹರಿವು ಮತ್ತು ಕೋಡಿಯ ಜಾಲರಿ

ಕಾಲುವೆ ಕುಂಟೆಗೆ ಸೇರುವಲ್ಲಿ ಅರ್ಧ ಇಂಚಿನ ವೆಲ್ಡ್ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ನೆಟ್ಟಗೆ ನಿಲ್ಲಿಸಿದ್ದೆವು. ಮೊದಲ ದೊಡ್ಡ ಮಳೆಗೆ ಪ್ಲಾಸ್ಟಿಕ್ ಕವರು, ಲಂಟಾನದ ಎಲೆ, ಹುಲ್ಲು ಎಲ್ಲ ಬಂದು ಅಂಟಿ, ಜಾಲರಿಯೇ ಅಡ್ಡಗಟ್ಟೆಯಾಗಿ ನೀರು ಅದರ ಮೇಲೆ ಹಾರಿ ಹರಿಯಿತು. 2,300 ರೂಪಾಯಿ ಹೋಯಿತು. ಈಗ ಎರಡು ಹಂತದ ತಡೆಯಿದೆ. ಮುಂದೆ 10 ಮಿಲಿಮೀಟರ್ ಸರಳುಗಳನ್ನು 25 ಮಿಲಿಮೀಟರ್ ಸಂದು ಬಿಟ್ಟು 45 ಡಿಗ್ರಿ ಓರೆಯಾಗಿ ನಿಲ್ಲಿಸಿದೆ. ಕಸ ನೀರಿನ ಸೆಳೆತಕ್ಕೆ ಮೇಲಕ್ಕೆ ಸರಿಯುತ್ತದೆ, ಕುಂಟೆಯ ದಡದಲ್ಲಿ ನಿಂತು ಕೊಕ್ಕೆಯಿಂದ ಎಳೆದುಕೊಳ್ಳಬಹುದು. ಒಂದು ಮೀಟರ್ ಹಿಂದೆ 6 ಮಿಲಿಮೀಟರ್ ಕಣ್ಣಿನ ಜಾಲರಿ, ಮೇಲಕ್ಕೆ ಎತ್ತಿ ತೊಳೆಯಲು ಬರುವಂತೆ ಕಬ್ಬಿಣದ ಆಂಗಲ್‌ನ ಸಂದಿನಲ್ಲಿ ಕೂರಿಸಿದೆ. ಕೋಡಿಗೂ ಇಂಥದ್ದೇ ಒಂದು. ಮೊಟ್ಟೆಯೊಡೆದು ಆಗತಾನೆ ಬಂದ ಮರಿಗಳನ್ನು ಈ ಜಾಲರಿ ತಡೆಯುವುದಿಲ್ಲ, ದೊಡ್ಡವನ್ನು ಮಾತ್ರ ತಡೆಯುತ್ತದೆ. ಅದಕ್ಕಿಂತ ಸಣ್ಣ ಕಣ್ಣು ಹಾಕಿದರೆ ಮಳೆನೀರೇ ಒಳಗೆ ಬರುವುದಿಲ್ಲ.

ನೀರು ಬಂದ ಮೇಲೆ ನಮ್ಮ ಮೀನುಗಳನ್ನು ಬಿಟ್ಟೆವು. ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಎಂಬ ಸಣ್ಣ ಮೀನುಗಳ ವಿಷಯದಲ್ಲಿ ಚರ್ಚೆಯಾಯಿತು. ಅವೂ ಹೊರಗಿನವೇ. ಆದರೆ ಮಲೇರಿಯಾ ತಡೆಯಲು ಕೋಲಾರದ ಕಡೆಯ ಹಳ್ಳಿಗಳ ಬಾವಿಗಳಿಗೂ ಕೆರೆಗಳಿಗೂ ಆರೋಗ್ಯ ಕಾರ್ಯಕ್ರಮದ ಭಾಗವಾಗಿಯೇ ಬಿಟ್ಟ ಮೀನು ಅದು. ಗ್ಯಾಂಬೂಸಿಯ ಮೀನಂತೂ ಅದೇ ಉದ್ದೇಶಕ್ಕೆ 1928ರಲ್ಲಿಯೇ ದೇಶಕ್ಕೆ ಬಂದಿತ್ತು. ಕಾಲುವೆಯುದ್ದಕ್ಕೂ ಗಪ್ಪಿ ಇರುವಾಗ ಕುಂಟೆಯೊಂದರಿಂದ ತೆಗೆದು ಪ್ರಯೋಜನವಿಲ್ಲವೆಂದು ಹುಡುಕಿ ಹಿಡಿಯಲಿಲ್ಲ, ತೊಟ್ಟಿಯಲ್ಲಿ ಸಿಕ್ಕಿದವನ್ನು ಮಾತ್ರ ಮರಳಿ ಬಿಡಲಿಲ್ಲ. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯಿರುವ, ನೀರಿನ ಮೇಲ್ಪದರದಲ್ಲಿಯೇ ಈಜುವ ನಮ್ಮ ಪ್ಯಾಂಚಾಕ್ಸ್ ಮೀನೂ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಅದನ್ನು ಮೊದಲು ಬಿಟ್ಟು ನೆಲೆಯೂರಲು ಎರಡು ವಾರ ಕೊಟ್ಟು, ಆಮೇಲೆ ಕೊರಮೀನು ಬಿಟ್ಟೆವು.

ಕುಂಟೆಗೆ ಇಳಿಯುವ ದಾರಿಯ ಬದಿಯಲ್ಲಿ ಸಿಮೆಂಟಿನ ರಿಂಗುಗಳನ್ನು ಜೋಡಿಸಿ ಒಂದು ತೊಟ್ಟಿ ಮಾಡಿ, "ಸಾಕಿದ ಮೀನು ಬೇಡವಾದರೆ ಇಲ್ಲಿ ಬಿಡಿ, ಕುಂಟೆಗೆ ಬಿಡಬೇಡಿ" ಎಂದು ಬರೆಸಿದ್ದೇವೆ. ಸಾಕಿದ ಜೀವವನ್ನು ಕೊಲ್ಲಲು ಮನಸ್ಸಾಗದೆ ತಂದು ಬಿಡುವವರ ಸಂಕಟ ನನಗೆ ಅರ್ಥವಾಗುತ್ತದೆ, ಅವರನ್ನು ಬೈದು ಪ್ರಯೋಜನವಿಲ್ಲ. ತೊಟ್ಟಿಗೆ ಈವರೆಗೆ ಗೋಲ್ಡ್‌ಫಿಶ್, ಏಂಜೆಲ್, ಎರಡು ಅಂಗೈಯುದ್ದದ ಸಕ್ಕರ್ ಬಂದಿವೆ. ಪಕ್ಕದ ಊರಿನ ಅಕ್ವೇರಿಯಂ ಅಂಗಡಿಯವರು ವಾರಕ್ಕೊಮ್ಮೆ ಬಂದು ಒಯ್ಯುತ್ತಾರೆ.

ಖರ್ಚು

ಪೈಪು, ಜಾಲರಿ, ಹಗ್ಗಕ್ಕೆ 5,700 ರೂಪಾಯಿ, ಡೀಸೆಲ್ 1,100, ನೆರಳುಬಲೆ ಮತ್ತು ಏರೇಟರ್ 2,600, ಲವಂಗದೆಣ್ಣೆ 900, ಮೂರು ಟ್ರ್ಯಾಕ್ಟರ್ ಮಣ್ಣು 4,500, ಬೆಂಟೊನೈಟ್ ಆರು ಚೀಲ 3,300, ಕಲ್ಲು ಮತ್ತು ಗರಸು 11,500, ಕಲ್ಲುಕೆಲಸದವರ ಮತ್ತು ಆಳುಗಳ ಕೂಲಿ 24,000, ಕೆಟ್ಟುಹೋದದ್ದೂ ಸೇರಿ ಜಾಲರಿಗಳಿಗೆ 9,800, ರಿಂಗಿನ ತೊಟ್ಟಿ 1,400, ಮೂಲೆ ಸೇರಿದ ಬಲೆ 1,800. ಒಟ್ಟು 66,600 ರೂಪಾಯಿ. ಪಂಪು, ಸಿಂಟೆಕ್ಸ್ ತೊಟ್ಟಿ, ಡ್ರಮ್ಮು ಊರಿನವರವೇ. ಬಿಲ ಬಿಡಿಸಿದ ಶ್ರಮಕ್ಕೆ ಯಾರೂ ಕೂಲಿ ತೆಗೆದುಕೊಳ್ಳಲಿಲ್ಲ.

ಈಗಿನ ಸ್ಥಿತಿ (ಸೆಪ್ಟೆಂಬರ್)

ಆಗಸ್ಟ್‌ನಲ್ಲಿ ನೀರು ತೂಬಿನ ಕೆಂಪು ಗೆರೆಗೆ ಬಂದಾಗ ಹೊರಬುಡದ ಕಾಲುವೆಯಲ್ಲಿ ಹರಿವಿರಲಿಲ್ಲ, ಮಣ್ಣು ಒದ್ದೆಯಾಗಿತ್ತು ಅಷ್ಟೇ. ಈಗ ನೀರು ಗೆರೆಗಿಂತ ಎರಡು ಗೇಣು ಮೇಲಿದೆ. ಹೊಂಗೆ ಮರದ ನೇರಕ್ಕೆ ಮಾತ್ರ ಒಂದು ಕಡೆ ಒಸರುತ್ತದೆ, 10 ಲೀಟರ್ ಬಕೆಟ್ ತುಂಬಲು 40 ನಿಮಿಷ ಬೇಕು, ನೀರು ತಿಳಿಯಾಗಿದೆ. ಬಗ್ಗಡವಾದರೆ ತಕ್ಷಣ ಕೋಡಿಯ ಹಲಗೆ ತೆಗೆದು ನೀರಿನ ಮಟ್ಟ ಇಳಿಸಬೇಕೆಂದು ತೀರ್ಮಾನಿಸಿದ್ದೇವೆ. ಪೈಪಿನ ಗೂಡುಗಳನ್ನು ಹಾಗೆಯೇ ಬಿಟ್ಟಿದ್ದು, ಭಾನುವಾರ ಭಾನುವಾರ ಎತ್ತುತ್ತೇವೆ. ಜುಲೈಯಿಂದ ಈಚೆಗೆ ಬೆರಳುದ್ದದ ಮೂರು ಮರಿಗಳು ಸಿಕ್ಕಿವೆ, ಎಲ್ಲವೂ ಒಳಹರಿವಿನ ಕಡೆಯ ಪೈಪುಗಳಲ್ಲಿ. ಆದ್ದರಿಂದ ಗೂಡುಗಳಲ್ಲಿ ಅರ್ಧವನ್ನು ಆ ಬದಿಗೆ ಸರಿಸಿದ್ದೇವೆ. ಕಲ್ಲು ಹಾಸದೆ ಉಳಿದಿರುವ 6 ಮೀಟರ್ ಏರಿಗೆ ಬರುವ ಮಾರ್ಚಿನಲ್ಲಿ ಕಲ್ಲು ಹಾಕಬೇಕು, ಅದಕ್ಕೆ ಒಂದು ಟ್ರ್ಯಾಕ್ಟರ್ ಸೈಜುಗಲ್ಲಿನ ಹಣ ಕೂಡಿಸುವ ಕೆಲಸ ನಡೆದಿದೆ.